ಮರಳಿ ಕಾಡಿಗೆ

ಗಂಗಾವತಿಯ ಸೀಮೆಯಲ್ಲಿ ಮರಳಿ ಎಂದೊಂದು ಊರಿದೆ. ಆ ಹೆಸರು ಹೇಗೆ ಬಂದಿತೆಂಬ ಚರ್ಚೆ ನನ್ನ ಇಂದಿನ ವಿಷಯವಲ್ಲ. ಆದರೆ ಆ ಮಾತಿಗೆ ನಮ್ಮ ನುಡಿಯಲ್ಲಿ ‘ಹಿಂದಿರುಗಿ’ ಎಂಬ ಅರ್ಥವಿರುವುದರಿಂದ, ಅಲ್ಲಿಂದಲೇ ಹೊರಡುವುದು ನನಗೆ ಅನುಕೂಲವಾಗಿದೆ. ಊರಿನ ಸುತ್ತ ಎತ್ತ ನೋಡಿದರೂ ಬತ್ತದ ಗದ್ದೆ. ತುಂಗಭದ್ರೆಯ ಎಡದಂಡೆಯ ಕಾಲುವೆ ತಂದ ನೀರು ಈ ಬಯಲನ್ನೆಲ್ಲ ಹಸುರು ಮಾಡಿದೆ. ಆ ಹಸುರಿನಾಚೆ, ದೂರದಲ್ಲಿ, ಬಂಡೆಯ ಮೇಲೆ ಬಂಡೆಯನ್ನು ಪೇರಿಸಿಟ್ಟಂತಿರುವ ಗುಡ್ಡಗಳ ಸಾಲು. ಗುಡ್ಡಗಳ ಸಂದುಗಳಲ್ಲಿ ಕುರುಚಲು ಕಾಡು. ಗದ್ದೆಯಲ್ಲಿ ನಿಂತವನ ಕಣ್ಣಿಗೆ ಆ ಗುಡ್ಡ ದಿನವೂ ಬೀಳುತ್ತದೆ. ಆದರೆ ಅಲ್ಲಿಗೆ ಹೋಗಿ ಬಂದವರೆಷ್ಟು ಮಂದಿ? ಈ ಪ್ರಶ್ನೆಯನ್ನು ನಾನು ನನ್ನ ತರಗತಿಯಲ್ಲಿ ಒಮ್ಮೆ ಕೇಳಿದೆ. ಆ ಸೀಮೆಯಿಂದ ಬಂದ ಹುಡುಗರೇ ಹೆಚ್ಚಾಗಿದ್ದ ತರಗತಿ ಅದು. ಆಂಜನೇಯನ ಗುಡಿಯ ಮೆಟ್ಟಿಲನ್ನು ಹತ್ತಿದವರು ಹಲವರಿದ್ದರು. ಕಾಡಿನೊಳಕ್ಕೆ ಕಾಲಿಟ್ಟವರು ಇಬ್ಬರು. ಅವರಿಬ್ಬರೂ ಆಡು ಕಾಯುವವರ ಮನೆಯವರು.

ಪ್ರಾಚೀನವಾದ ಕಾಡುಗಳಿಗೂ ಅವುಗಳ ಮಗ್ಗುಲಲ್ಲೇ ಬಾಳುವ ಜನಕ್ಕೂ ನಡುವೆ ಹರಿದುಹೋದ ನಂಟನ್ನು ಮತ್ತೆ ಕೂಡಿಸುವುದು ಹೇಗೆ, ಅದೂ ಮಕ್ಕಳು ಮುದುಕರು ಅಶಕ್ತರು ಯಾರನ್ನೂ ಹೊರಗೆ ಬಿಡದಂತೆ ಕೂಡಿಸುವುದು ಹೇಗೆ, ಎಂಬುದು ಇಂದಿನ ನನ್ನ ವಿಷಯ.

ಮೊದಲು ‘ಪ್ರಾಚೀನ ಕಾಡು’ ಎಂದರೆ ಏನೆಂಬುದನ್ನು ನೋಡೋಣ. ಇಂಗ್ಲೆಂಡಿನಲ್ಲಿ ಇದಕ್ಕೊಂದು ನಿಶ್ಚಿತವಾದ ಲಕ್ಷಣವಿದೆ: 1600ನೆಯ ಇಸವಿಯಿಂದ ಈಚೆಗೆ ಎಡೆಬಿಡದೆ ಕಾಡಾಗಿಯೇ ಉಳಿದು ಬಂದ ನೆಲಕ್ಕೆ ಅಲ್ಲಿ ಆ ಹೆಸರು ಸಲ್ಲುತ್ತದೆ. ಮರ ಮುದಿಯದಾಗಿರಬೇಕೆಂಬ ನಿಯಮವಿಲ್ಲ. ನೆಲದ ಮೇಲಿನ ಕಾಡಿನ ಪರಂಪರೆ ಕಡಿಯದಿರಬೇಕು, ಅಷ್ಟೆ. ಈ ಮಾತು ನಮಗೆ ಬಹಳ ಉಪಯುಕ್ತವಾದದ್ದು. ಏಕೆಂದರೆ ಕಾಡೆಂದರೆ ನಮ್ಮ ವಿದ್ಯಾವಂತರ ಮನಸ್ಸಿಗೆ ಬರುವುದು ಆಗುಂಬೆ, ಕೊಡಗು, ಕಾಳೀನದಿಯ ಕಣಿವೆ. ಆಕಾಶವನ್ನು ಮುಟ್ಟುವ ಮರ, ಹಗಲಲ್ಲೇ ಕತ್ತಲೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗೆಗಳ ಕಲ್ಲುಗುಡ್ಡದ ಮೇಲಿನ ಆಳೆತ್ತರದ ಮುಳ್ಳುಗಿಡಗಳನ್ನು ಕಂಡರೆ ಅದನ್ನು ಕಾಡೆನ್ನಲು ನಾಲಗೆ ಏಳುವುದಿಲ್ಲ. ‘ಬಂಜರು’ ಎಂದುಬಿಡುತ್ತೇವೆ. ಒಮ್ಮೆ ಬಂಜರೆಂದು ಹೆಸರಿಟ್ಟ ಮೇಲೆ ಅದನ್ನು ಅಗೆಯುವುದಕ್ಕೂ ಒಡೆಯುವುದಕ್ಕೂ ಸುಡುವುದಕ್ಕೂ ಯಾರೂ ಅಂಜಬೇಕಾಗಿಲ್ಲ.

ಆದರೆ ಇದು ಬಂಜರಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತಷ್ಟೆ. ಅಲ್ಲಿನ ಬೆಟ್ಟಗಳ ಹೆಬ್ಬಂಡೆಯನ್ನು ಭೂಗರ್ಭಶಾಸ್ತ್ರಜ್ಞರು ಇಂದಿಗೂ ಕ್ಲೋಸ್‌ಪೇಟೆಯ ಗ್ರಾನೈಟ್ ಎಂದೇ ಕರೆಯುತ್ತಾರೆ. ಆ ಶಿಲೆಯ ಪಟ್ಟಿ ತೆಂಕಣಿಂದ ಬಡಗಕ್ಕೆ ಸುಮಾರು 400 ಕಿಲೋಮೀಟರು ಹಬ್ಬಿ, ಹಂಪೆ ಆನೆಗೊಂದಿಗಳ ಕಡೆಗೂ ಚಾಚಿಕೊಂಡಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಇಷ್ಟು ಕಡಮೆ ಮಳೆಯಲ್ಲಿ, ಇಷ್ಟು ಗಟ್ಟಿ ಕಲ್ಲಿನ ಮೇಲೆ ಬಾಳಬೇಕಾದ ಗಿಡ ಎತ್ತರವಾಗಿ ಬೆಳೆಯುವ ದುಂದನ್ನು ಮಾಡಲಾರದು. ಎಲೆಯನ್ನು ಸಣ್ಣದು ಮಾಡಿಕೊಳ್ಳುತ್ತದೆ, ಮುಳ್ಳನ್ನು ಬೆಳಸುತ್ತದೆ, ಬೇಸಗೆ ಬಂದಿತೆಂದರೆ ಎಲೆಯನ್ನೆಲ್ಲ ಉದುರಿಸಿ, ಇದ್ದ ನೀರನ್ನು ಬೇರಿನಲ್ಲಿ ಕಾಪಾಡಿಕೊಂಡು ಸುಮ್ಮನೆ ನಿಲ್ಲುತ್ತದೆ. ಮಾರ್ಚಿ ತಿಂಗಳಲ್ಲಿ ನೋಡಿದವನು ಸತ್ತಿತೆಂದು ತಿಳಿಯುವ ಗಿಡ, ಇನ್ನೂ ಮಳೆ ಬೀಳುವುದಕ್ಕೆ ಮೊದಲೇ ಚಿಗುರಿ ನಿಲ್ಲುವುದನ್ನು ಕಂಡರೆ ಆಶ್ಚರ್ಯವಾಗುತ್ತದೆ. ಹೆಬ್ಬಂಡೆಯ ಮೇಲೆ ಬಿದ್ದ ಮಳೆ ಅಲ್ಲಿ ಇಂಗಲಾರದೆ ಜಾರಿ ಬುಡಕ್ಕೆ ಬರುತ್ತದೆ. ಆದ್ದರಿಂದಲೇ ಬಂಡೆಯ ಬುಡದಲ್ಲಿಯೂ ಬಿರುಕಿನಲ್ಲಿಯೂ ಆಲ, ಬಸರಿ, ಅತ್ತಿಗಳು ಹಸುರಾಗಿ ಬೆಳೆಯುತ್ತವೆ. ಅಲ್ಲಿ ತಡೆದು ಇಂಗಿದ ನೀರೇ ಕೆಳಗಿನ ಬಾವಿಗಳಿಗೆ ಒರತೆ.

ಈ ಕಾಡಿನ ವಾಸಿಗಳೂ ವಿಶಿಷ್ಟರೇ. ಇಲ್ಲಿ ಕರಡಿಯುಂಟು, ಚಿರತೆಯುಂಟು, ತೋಳವುಂಟು, ನವಿಲುಂಟು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಹಳದಿ ಕೊರಳಿನ ಪಿಕಳಾರವೆಂಬ ಹಕ್ಕಿ ಇಂಥ ಬಂಡೆಗಳ ಪೊದೆಗಳಲ್ಲಿಯೇ ಇರುತ್ತದೆ. ತುಂಗಭದ್ರೆಯ ಆಚೆ ದಡದಲ್ಲಿ, ಹಂಪೆಗೆ ಸಮೀಪವಾದ ದರೋಜಿಯಲ್ಲಿ, 1994ರಲ್ಲಿ ಕರಡಿಗಳಿಗಾಗಿಯೇ ಒಂದು ಅಭಯಧಾಮವನ್ನು ಗೊತ್ತುಮಾಡಿದರು. ಕರಡಿ ಗೆದ್ದಲನ್ನೂ ಜೇನನ್ನೂ ತಿನ್ನುವುದರ ಜೊತೆಗೆ ಬೋರೆ, ಕವಳೆ ಮುಂತಾದ ಹಣ್ಣುಗಳನ್ನು ತಿಂದು, ಬೀಜವನ್ನು ದೂರದೂರಕ್ಕೆ ಬಿತ್ತುತ್ತದೆ. ನಾವು ಬಂಜರೆಂದ ನೆಲದಲ್ಲಿ ಹೀಗೆ ಬೇಸಾಯ ನಡೆಯುತ್ತಲೇ ಇದೆ.

ಇಷ್ಟೇ ಅಲ್ಲ. ಮನುಷ್ಯನಿಗೂ ಈ ಕಾಡಿಗೂ ಇರುವ ನಂಟು ಬಹಳ ಹಳೆಯದು. ಗಂಗಾವತಿಯಿಂದ ಪಡುವಲಿಗೆ ಸುಮಾರು 10 ಕಿಲೋಮೀಟರು ದೂರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ, ಮುಳ್ಳುಕಾಡಿನ ನಡುವೆ, ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಚಪ್ಪಡಿಯನ್ನೇ ಹೊದಿಸಿದ ಸಮಾಧಿಗಳು ಸುಮಾರು 400 ಇವೆ. ಕಬ್ಬಿಣದ ಯುಗದ ಜನ ಸುಮಾರು ಕ್ರಿಸ್ತಪೂರ್ವ 800ರಿಂದ 200ರ ವರೆಗಿನ ಕಾಲದಲ್ಲಿ ಕಟ್ಟಿದವು ಅವು. ಊರವರು ಆ ಗುಡ್ಡವನ್ನು ಮೋರ್ಯರ ಗುಡ್ಡವೆಂದು ಕರೆದು, ಕುಳ್ಳರಾದ ಮೋರ್ಯರೆಂಬ ಜನ ಆ ಮನೆಗಳಲ್ಲಿದ್ದರೆಂದು ಹೇಳುತ್ತಾರೆ. ಎತ್ತರದ ಬಂಡೆಯೊಂದರ ಮೇಲೆ ನಗಾರಿಯಾಕಾರದ ಕಲ್ಲೊಂದಿದೆ. ಬಡಿದರೆ ದೂರಕ್ಕೆ ಕೇಳುವಂತೆ ಮೊಳಗುತ್ತದೆ. 2021ರಲ್ಲಿ ಈ ಸ್ಥಳದ ಹೆಸರು ವಿಶ್ವ ಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು. ಇನ್ನು ಆನೆಗೊಂದಿ, ಪಂಪಾ ಸರೋವರ, ಋಷ್ಯಮೂಕಗಳ ವಿಷಯವನ್ನು ಹೇಳಬೇಕಾದುದೇ ಇಲ್ಲ. ರಾಮಾಯಣದ ಕಿಷ್ಕಿಂಧೆ ಇದೇ ಎಂದು ಜನ ನಂಬಿಕೊಂಡು ಬಂದಿದ್ದಾರೆ. ಆದಿಕವಿ ವರ್ಣಿಸಿದ ಪಂಪೆಯ ವಸಂತವೆಂದರೆ ಮರಗಳ, ಹೂಗಳ, ಹಕ್ಕಿಗಳ ಹೆಸರಿನ ಮೇಲೆ ಹೆಸರು. ರಾಮನ ಕಥೆಯನ್ನು ಭಕ್ತಿಯಿಂದ ಕೇಳುವ ನಾವು ಆ ಹೆಸರುಗಳಲ್ಲಿ ಎಷ್ಟು ಮರಗಳನ್ನು ಗುರುತಿಸಬಲ್ಲೆವು?

ಹೀಗೆ ಇಷ್ಟು ಹತ್ತಿರದ ಕಾಡು ನಮಗೆ ದೂರವಾದದ್ದು ಹೇಗೆ? ಕಾರಣಗಳು ಮೂರು ಎಂದು ನನಗೆ ತೋರುತ್ತದೆ. ಮೊದಲನೆಯದು, ಶಾಸನ. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಬ್ರಿಟಿಷರ ಸೀಮೆಯಲ್ಲಿಯೂ ಸಂಸ್ಥಾನಗಳಲ್ಲಿಯೂ ಕಾಡು ಸರ್ಕಾರದ ಸ್ವತ್ತಾಯಿತು. ಕಾಯುವುದಕ್ಕೆ ಅದು ಬೇಕಾಗಿತ್ತೆಂಬುದೇನೋ ನಿಜ. ಆದರೆ ‘ನಮ್ಮ ಅಡವಿ’ ಎನ್ನುತ್ತಿದ್ದವನು ‘ಸರ್ಕಾರದ ಅಡವಿ’ ಎನ್ನಲು ಕಲಿತ. ಎರಡನೆಯದು, ನೀರು. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆ 1956ರಲ್ಲಿ ಕನ್ನಡನಾಡಿನೊಂದಿಗೆ ಕೂಡಿತು. ಅದಕ್ಕೆ ಸ್ವಲ್ಪ ಮೊದಲು, 1953ರಲ್ಲಿ, ತುಂಗಭದ್ರೆಯ ಅಣೆಕಟ್ಟು ಮುಗಿದಿತ್ತು. ಜೋಳ ಬಿತ್ತಿ ಆಡು ಸಾಕುತ್ತಿದ್ದ ಬಯಲು ಬತ್ತದ ಬಯಲಾಯಿತು. ದೂರದಿಂದ ಬಂದ ಒಕ್ಕಲಿನವರ ಕ್ಯಾಂಪುಗಳು ಎದ್ದುವು. ಹಸಿವು ಇಂಗಿತು, ಸಂತೋಷ. ಆದರೆ ಸೌದೆಗೂ ಸೊಪ್ಪಿಗೂ ಹಣ್ಣಿಗೂ ಗುಡ್ಡಕ್ಕೆ ಹೋಗುವ ಅಗತ್ಯ ತಪ್ಪಿದೊಡನೆ ಗುಡ್ಡದ ಪರಿಚಯವೂ ತಪ್ಪಿತು. ಮೂರನೆಯದು, ನಮ್ಮ ವಿದ್ಯೆ. ನಾನು ಕಲಿತ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಓಕ್ ಮರದ ಚಿತ್ರವಿತ್ತು, ಕಗ್ಗಲಿಯ ಚಿತ್ರವಿರಲಿಲ್ಲ. ಓದಿದವನಿಗೆ ಹತ್ತಿರದ್ದು ಕಾಣದಂತೆ ಮಾಡುವ ಶಕ್ತಿ ಓದಿಗೆ ಇದೆಯೆಂಬುದನ್ನು ನಾನು ನನ್ನಿಂದಲೇ ಬಲ್ಲೆ.

ಬೇರೆ ದೇಶದವರೂ ಈ ನಷ್ಟವನ್ನು ಕಂಡುಕೊಂಡು ಪ್ರತೀಕಾರವನ್ನು ಹುಡುಕಿದ್ದಾರೆ. ಇಂಗ್ಲೆಂಡಿನಲ್ಲಿ 1932ರಲ್ಲಿ ಕಾರ್ಖಾನೆಗಳ ಊರಿನ ಕೂಲಿಗಾರರು, ಜಮೀನುದಾರರು ಮುಚ್ಚಿದ್ದ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಗುಂಪಾಗಿ ನಡೆದು ಹೋದರು. ಕೆಲವರು ಸೆರೆಮನೆಗೂ ಹೋದರು. 1949ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನಗಳ ಶಾಸನವಾಯಿತು. ನಾರ್ವೆಯಲ್ಲಿ ಬೇಸಾಯವಿಲ್ಲದ ನೆಲದಲ್ಲಿ ಯಾರು ಬೇಕಾದರೂ ನಡೆದಾಡಬಹುದೆಂಬ ಹಳೆಯ ರೂಢಿಯನ್ನು 1957ರಲ್ಲಿ ಶಾಸನದಲ್ಲಿ ಬರೆದಿಟ್ಟರು. ಜಪಾನಿನ ಅರಣ್ಯ ಇಲಾಖೆಯವರು 1982ರಲ್ಲಿ ಕಾಡಿನಲ್ಲಿ ನಿಧಾನವಾಗಿ ಸುತ್ತಿ ಬರುವುದಕ್ಕೆ ‘ಅರಣ್ಯಸ್ನಾನ’ ಎಂಬ ಅರ್ಥದ ಹೆಸರನ್ನಿಟ್ಟು ಜನಕ್ಕೆ ಉಪದೇಶಿಸಿದರು. 1984ರಲ್ಲಿ ಅಮೆರಿಕದ ಉಲ್‌ರಿಚ್ ಎಂಬ ವಿದ್ವಾಂಸರು ಆಸ್ಪತ್ರೆಯೊಂದರ ದಾಖಲೆಗಳನ್ನು ಪರೀಕ್ಷಿಸಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದ ರೋಗಿಗಳು, ಇಟ್ಟಿಗೆಯ ಗೋಡೆ ಕಾಣುತ್ತಿದ್ದ ರೋಗಿಗಳಿಗಿಂತ ಬೇಗ ಮನೆಗೆ ತೆರಳಿದರೆಂದೂ, ನೋವಿಗೆ ಕಡಮೆ ಔಷಧವನ್ನು ಬೇಡಿದರೆಂದೂ ಪ್ರಕಟಿಸಿದರು. ಮರವನ್ನು ಕಾಣುವುದರಿಂದಲೇ ಇಷ್ಟಾದರೆ, ಮರದ ನೆರಳಿನಲ್ಲಿ ಕುಳಿತರೆ ಗುಣವೇ ಹೊರತು ಕೇಡಾಗದು.

ಆದರೆ ಇದಕ್ಕಾಗಿ ನಾವು ಪರದೇಶದ ಪದ್ಧತಿಯನ್ನು ಎರವು ತರಬೇಕಾಗಿಲ್ಲ. ಕಾರ್ತಿಕದಲ್ಲಿ ನೆಲ್ಲಿಯ ಮರದ ಕೆಳಗೆ ವನಭೋಜನ ಮಾಡುವುದು ನಮ್ಮ ಹಿರಿಯರ ಪದ್ಧತಿ. ಶೀಗಿ ಹುಣ್ಣಿಮೆಯಲ್ಲಿಯೂ ಎಳ್ಳಮಾವಾಸ್ಯೆಯಲ್ಲಿಯೂ ಬಡಗಣ ಸೀಮೆಯ ಒಕ್ಕಲುಮಕ್ಕಳು ಬಂಡಿ ಕಟ್ಟಿಕೊಂಡು, ಬುತ್ತಿ ಹೊತ್ತುಕೊಂಡು, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲಿಯೇ ಉಣ್ಣುತ್ತಾರೆ. ಗಮನಿಸಬೇಕಾದುದು ಇದು: ಚರಗಕ್ಕೆ ಹೋಗುವ ಬಂಡಿಯಲ್ಲಿ ನಡೆಯಲಾರದ ಅಜ್ಜಿಗೂ ಜಾಗವುಂಟು, ಹಾಲೂಡುವ ಕೂಸಿಗೂ ಜಾಗವುಂಟು. ‘ಸರ್ವರಿಗೂ ಸುಲಭವಾದ ಹೊರಾಂಗಣ ಚಟುವಟಿಕೆ’ ಎಂದು ಇಂದು ದೊಡ್ಡ ಮಾತಿನಲ್ಲಿ ಹೇಳುವುದನ್ನು ಅವರು ಬಂಡಿಯಲ್ಲಿ ಮಾಡಿ ತೋರಿಸುತ್ತಿದ್ದಾರೆ. ಕೊಡಗಿನ ದೇವರಕಾಡುಗಳನ್ನು ನೋಡಿ. ಅಲ್ಲಿ 1,200ಕ್ಕೂ ಮೇಲ್ಪಟ್ಟು ದೇವರಕಾಡುಗಳಿವೆ. ಒತ್ತುವರಿಯಿಂದ ಕುಗ್ಗಿದವೂ ಉಂಟು. ಆದರೆ ಉಳಿದವು ಉಳಿದಿರುವುದಕ್ಕೆ ಊರಿನವರು ವರ್ಷಕ್ಕೊಮ್ಮೆಯಾದರೂ ಹಬ್ಬಕ್ಕೆಂದು ಅಲ್ಲಿಗೆ ಹೋಗಿ ಬರುತ್ತಿರುವುದೂ ಒಂದು ಮುಖ್ಯ ಕಾರಣ. ಹೋಗಿ ಬರುವ ದಾರಿ ಸವೆದಿದ್ದರೆ ಕಾಡಿಗೆ ಕಾವಲು ಇದ್ದಂತೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ತರಗತಿಯಲ್ಲಿ ಆ ಪ್ರಶ್ನೆಯನ್ನು ಕೇಳಿದ ವರ್ಷವೇ ನಾನು ಇಪ್ಪತ್ತು ಮಂದಿ ವಿದ್ಯಾರ್ಥಿಗಳನ್ನು ಹಿರೇಬೆಣಕಲ್ಲಿಗೆ ಕರೆದುಕೊಂಡು ಹೋದೆ. ಅವರಲ್ಲಿ ಮರಳಿಯವನೊಬ್ಬನಿದ್ದ; ಬಾಲ್ಯದಿಂದ ಅವನಿಗೆ ಒಂದು ಕಾಲಿನ ಬಲ ಕುಂದಿತ್ತು. ಗುಡ್ಡದ ದಾರಿ ಕಡಿದಾದದ್ದೆಂದು ನೋಡಿ, ‘ನೀನು ಇಲ್ಲಿಯೇ ಹುಣಸೆಯ ಮರದ ಕೆಳಗೆ ಕುಳಿತು ಬುತ್ತಿಯ ಗಂಟುಗಳನ್ನು ನೋಡಿಕೊಂಡಿರಪ್ಪ’ ಎಂದು ಹೇಳಿ, ಉಳಿದವರನ್ನು ಹತ್ತಿಸಿದೆ. ಬಿಸಿಲೇರುವುದರೊಳಗೆ ಮೇಲಕ್ಕೆ ಹೋಗಿ ಬರಬೇಕೆಂಬ ಆತುರ. ಸಮಾಧಿಗಳನ್ನು ಕಂಡೆವು; ಚಿತ್ರ ತೆಗೆದುಕೊಂಡೆವು; ಬೆವರಿ ಬಾಯಾರಿ ಇಳಿದು ಬಂದೆವು. ಮರದ ಕೆಳಗೆ ನೋಡಿದರೆ ನಮ್ಮ ಹುಡುಗನ ಬಳಿ ಆಡು ಕಾಯುವ ಅಜ್ಜನೊಬ್ಬ ಕುಳಿತಿದ್ದ. ಹುಡುಗನ ಪುಸ್ತಕದಲ್ಲಿ ಇಪ್ಪತ್ತಮೂರು ಗಿಡಗಳ ಹೆಸರುಗಳಿದ್ದುವು. ಒಂದೊಂದು ಹೆಸರಿನ ಮುಂದೆಯೂ ಒಂದೊಂದು ಎಲೆ. ಯಾವ ಎಲೆಯನ್ನು ಆಡು ತಿನ್ನುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂಬುದನ್ನು ಕೂಡ ಅವನು ಬರೆದುಕೊಂಡಿದ್ದ. ಬಂದರಿಕೆಯನ್ನೂ ತಂಗಡಿಯನ್ನೂ ಆಡು ಮುಟ್ಟುವುದಿಲ್ಲವಂತೆ. ಅತಿಯಾಗಿ ಮೇದ ಗುಡ್ಡದಲ್ಲಿ ಅವೆರಡೇ ಉಳಿದು ಹಬ್ಬುವುದೇಕೆ ಎಂಬ ಪ್ರಶ್ನೆಗೆ ಅಲ್ಲಿಯೇ ಉತ್ತರವಿತ್ತು. ಅಜ್ಜ ನನ್ನನ್ನು ನೋಡಿ, ‘ಭಾಳ ಲಗೂ ಹೋಗಿ ಲಗೂ ಬಂದ್ರಿ. ಮ್ಯಾಲೆ ಏನೇನು ನೋಡಿದ್ರಿ ಸರ?’ ಎಂದು ಕೇಳಿದ. ಸಮಾಧಿಯ ವಿಷಯವನ್ನು ಹೇಳಿದೆ. ‘ಗಿಡಾ?’ ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಆ ಹುಡುಗನನ್ನು ಕೆಳಗೆ ಬಿಟ್ಟು ಹೋದೆನೆಂಬ ನಾಚಿಕೆ ನನಗೆ ಇಂದಿಗೂ ಇದೆ. ಅವನಿಗೆ ಲಾಭವಾದದ್ದು ಅವನ ಅದೃಷ್ಟದಿಂದ, ನನ್ನ ವಿವೇಕದಿಂದಲ್ಲ. ಮುಂದಿನ ವರ್ಷದಿಂದ ನಾವು ಕ್ರಮವನ್ನು ಬದಲಿಸಿದೆವು. ಶಿಖರವನ್ನು ಮುಟ್ಟುವುದು ಗುರಿಯಲ್ಲ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಗುಂಪಿನ ಹೆಜ್ಜೆ. ಗುಡ್ಡದ ಬುಡದ ಸಮನಾದ ಬಂಡಿದಾರಿಯಲ್ಲಿ ಅರ್ಧ ಗಂಟೆಯ ನಡಿಗೆ. ಆಮೇಲೆ ಮರದ ನೆರಳಿನಲ್ಲಿ ಒಂದು ಗಂಟೆಯ ಕೂಟ. ವಿದ್ಯಾರ್ಥಿಗಳು ಮನೆಯ ಹಿರಿಯರಲ್ಲೊಬ್ಬರನ್ನು ಕರೆದುಕೊಂಡು ಬರಬೇಕು. ಹಿರಿಯರು ಹೆಸರು ಹೇಳುವುದು, ಕಿರಿಯರು ಬರೆದುಕೊಳ್ಳುವುದು. ಮರಳಿಯ ಹುಡುಗನ ಅಜ್ಜಿ ಬಂದಿದ್ದರು. ಕಣ್ಣು ಮಂಜಾಗಿದ್ದರೂ ಎಲೆಯನ್ನು ಕೈಯಲ್ಲಿ ಉಜ್ಜಿ ಮೂಸಿ ಹೆಸರು ಹೇಳಿದರು. ಕಾಲುವೆ ಬರುವುದಕ್ಕೆ ಮೊದಲಿನ ಬರದ ವರ್ಷಗಳಲ್ಲಿ ಯಾವ ಹಣ್ಣನ್ನು ತಿಂದು ದಿನ ಕಳೆದೆವೆಂಬುದನ್ನು ತಮ್ಮ ತಾಯಿ ಹೇಳುತ್ತಿದ್ದರೆಂದು ನೆನೆದರು. ಮೊಮ್ಮಗ ಆ ಮಾತನ್ನು ಅದುವರೆಗೆ ಕೇಳಿರಲಿಲ್ಲ. ಮನೆಯೊಳಗೆ ಆ ಮಾತು ಬರುವುದಕ್ಕೆ ಸಂದರ್ಭವೇ ಇರಲಿಲ್ಲವಲ್ಲ!

ಈ ಅನುಭವದಿಂದ ಹೊರಟ ಕೆಲವು ಸೂಚನೆಗಳನ್ನು ಹೇಳುತ್ತೇನೆ. ಕಾಲ, ಕಾರ್ತಿಕದಿಂದ ಸಂಕ್ರಾಂತಿಯ ವರೆಗೆ. ಹೊತ್ತು, ಬೆಳಗಿನ ಏಳರಿಂದ ಹತ್ತು. ಕರಡಿ ಚಿರತೆಗಳು ಸಾಮಾನ್ಯವಾಗಿ ಸಂಜೆಯಿಂದ ಮುಂಜಾವದ ವರೆಗೆ ಓಡಾಡುವುದರಿಂದ ಆ ವೇಳೆ ಅವುಗಳದು, ಬೆಳಗು ನಮ್ಮದು. ಒಬ್ಬೊಬ್ಬರೇ ಹೋಗಕೂಡದು, ಗುಹೆ ಪೊದೆಗಳೊಳಗೆ ನುಗ್ಗಕೂಡದು. ರಕ್ಷಿತಾರಣ್ಯವಾದರೆ ಅರಣ್ಯ ಇಲಾಖೆಯ ಅಪ್ಪಣೆಯನ್ನು ಪಡೆಯಬೇಕು. ಶಾಲೆಯ ಮಕ್ಕಳಿಗೆ ಕಾಡನ್ನು ತೋರಿಸಲೆಂದು ಇಲಾಖೆಯವರೇ ‘ಚಿಣ್ಣರ ವನದರ್ಶನ’ವೆಂಬ ಕಾರ್ಯಕ್ರಮವನ್ನು ಹಮ್ಮಿಕೊಂಡವರಾದ್ದರಿಂದ, ಕೇಳಿದರೆ ನೆರವು ದೊರೆಯದಿರದು. ಬೆಂಕಿಯನ್ನು ಹೊತ್ತಿಸಲೇಕೂಡದು, ಒಣಹುಲ್ಲಿನ ಗುಡ್ಡಕ್ಕೆ ಒಂದು ಕಿಡಿ ಸಾಕು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನದ ಬುತ್ತಿಗೆ ಒಲೆಯ ಅಗತ್ಯವಿಲ್ಲ. ಕಣ್ಣಿಲ್ಲದವರು ಬಂದರೆ ಹಕ್ಕಿಯ ದನಿಯನ್ನು ಗುರುತಿಸುವ ಕೆಲಸ ಅವರದಾಗಲಿ. ಕಣ್ಣಿರುವ ನಾವು ಅವರಷ್ಟು ಚೆನ್ನಾಗಿ ಕೇಳಲಾರೆವು. ಗುಡ್ಡದ ಬುಡಕ್ಕೂ ಬರಲಾರದವರಿಗೆ ಕಾಲುವೆಯ ದಂಡೆಯ ದಾರಿಯುಂಟು. ಅಲ್ಲಿ ಗಾಲಿಕುರ್ಚಿಯೂ ಹೋದೀತು.

ಜನ ಹೆಚ್ಚಾಗಿ ಹೋದರೆ ಕಾಡು ಕೆಡುವುದಿಲ್ಲವೆ, ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹನುಮಮಾಲೆಯ ದಿನಗಳಲ್ಲಿ ಸಹಸ್ರ ಸಹಸ್ರ ಮಂದಿ ಹತ್ತುತ್ತಾರೆ. ಜನಜಂಗುಳಿಯ ಮರುದಿನ ದಾರಿಯ ಇಕ್ಕೆಲದಲ್ಲಿ ಏನು ಬಿದ್ದಿರುತ್ತದೆಂಬುದನ್ನು ಕಂಡವರು ಬಲ್ಲರು. ಆದರೆ ಅಲ್ಲಿ ಕೊರತೆಯಾದದ್ದು ಪರಿಚಯ. ಜನ ಬಂದುದೇ ತಪ್ಪಲ್ಲ. ಗುಡಿಗೆ ಬಂದವನಿಗೆ ಗುಡ್ಡ ಬರಿಯ ಮೆಟ್ಟಿಲಾಗಿ ಕಾಣುತ್ತದೆ. ಹನುಮಂತನು ಹಾರಿ ಆಡಿದ ಗಿಡ ಯಾವುದು, ಹಣ್ಣು ಯಾವುದು ಎಂದು ಅರಿತವನು ಅದರ ಬುಡದಲ್ಲಿ ಎಂಜಲೆಲೆಯನ್ನು ಎಸೆಯಲಾರ. ದೊಡ್ಡ ಗುಂಪು ಒಂದು ದಿನ ಹೋಗುವುದಕ್ಕಿಂತ ಸಣ್ಣ ಗುಂಪುಗಳು ವರ್ಷವೆಲ್ಲ ಹೋಗಿ ಬರುವುದು ಮೇಲು.

ಕಡೆಯದಾಗಿ ಒಂದು ಮಾತು. ಈ ಗುಡ್ಡಗಳ ಕಲ್ಲಿಗೆ ಬೆಲೆಯಿದೆ, ಕೊರೆಯುವ ಯಂತ್ರಗಳಿವೆ. ಕಲ್ಲು ಬೇಡವೆನ್ನುವ ಹಾಗಿಲ್ಲ. ಆದರೆ ಯಾವ ಗುಡ್ಡವನ್ನು ಒಡೆಯಬಹುದು, ಯಾವುದನ್ನು ಒಡೆಯಕೂಡದು ಎಂಬ ವಿಚಾರ ಬಂದಾಗ ‘ಅಲ್ಲಿ ಏನಿದೆ?’ ಎಂದು ಯಾರಾದರೂ ಕೇಳುತ್ತಾರೆ. ಅಂದು ಎದ್ದುನಿಂತು ಹೇಳುವವರು ಬೇಕು. ಹೇಳಬಲ್ಲ ಅಜ್ಜ ಅಜ್ಜಿಯರು ಈಗ ಎಂಬತ್ತನ್ನು ದಾಟುತ್ತಿದ್ದಾರೆ. ನಮ್ಮ ಪುಸ್ತಕದಲ್ಲಿ ಮೂರು ವರ್ಷಗಳಲ್ಲಿ ಅರುವತ್ತೊಂದು ಹೆಸರುಗಳು ಸೇರಿವೆ. ಮೊದಲ ಇಪ್ಪತ್ತಮೂರನ್ನು ಹೇಳಿದ ಆಡಿನ ಅಜ್ಜ ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಅವನು ಬಲ್ಲ ಹೆಸರುಗಳು ಒಟ್ಟು ಎಷ್ಟಿದ್ದುವೋ!

ಆದ್ದರಿಂದ, ಈ ಕಾರ್ತಿಕದಲ್ಲಿ ಯಾವುದಾದರೂ ಭಾನುವಾರ, ನಿಮ್ಮ ಊರಿಗೆ ಹತ್ತಿರವಾದ ಗುಡ್ಡಕ್ಕೋ ತೋಪಿಗೋ ದೇವರಬನಕ್ಕೋ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಬನ್ನಿರೆಂದು ಕೇಳಿಕೊಳ್ಳುತ್ತೇನೆ. ಬುತ್ತಿಯ ಜೊತೆಗೆ ಒಂದು ಪುಸ್ತಕವೂ ಸೀಸದ ಕಡ್ಡಿಯೂ ಇರಲಿ.